ದಾರ ಕತ್ತರಿಸಿದ ಹನ್ನೆರಡು ಕಾಯಿ

ಹೇಳಿಕೆ ಕೊಡುವವರು: ಲಲಿತಾಬಾಯಿ ಗಂಡ ಹಾವಗೆಪ್ಪ, ವಯಸ್ಸು 46 ವರ್ಷ, ಉದ್ಯೋಗ: ಬೀಜದ ಫಾರ್ಮಿನಲ್ಲಿ ಹೂ ಕೂಡಿಸುವ ಕೂಲಿ, ಸಾ: ಖಟಕ ಚಿಂಚೋಳಿ, ತಾ: ಭಾಲ್ಕಿ, ಜಿ: ಬೀದರ.

ಮೇಲ್ಕಂಡ ನಾನು ಇಂದು ದಿನಾಂಕ 13-01-2016ರಂದು ಮಧ್ಯಾಹ್ನ 12-20 ಗಂಟೆಗೆ, ಯಾರೂ ಕರೆಸದೆ, ಯಾರೂ ಹೆದರಿಸದೆ, ನಾನಾಗಿಯೇ ಹೇಳಿಕೆ ಬರೆಸುತ್ತಾ ಈ ಮೂಲಕ ತಿಳಿಸುವುದೇನೆಂದರೆ, ಫಾರ್ಮಿನ ಬಲೆ ಹೊದಿಸಿದ ನೆಟ್ ಹೌಸಿನಿಂದ ಹನ್ನೆರಡು ಕಾಯಿ ಹರಿದವಳು ನಾನು. ನಿನ್ನೆ ಠಾಣೆಯಲ್ಲಿ ಕೂರಿಸಿದ್ದ ಕಾವಲುಗಾರ ನರಸಿಂಗನ ತಪ್ಪು ಇದರಲ್ಲಿ ಏನೂ ಇಲ್ಲ. ಯಾರೂ ಹೆದರಿಸದೆ ಎಂದು ಬರೆಸಿದ್ದೇನೆ, ಆದರೆ ನನಗೆ ಹೆದರಿಕೆ ಬಹಳ ಇದೆ. ನನ್ನ ಮಗಳು ಸುಂದರಬಾಯಿ ಭಾಲ್ಕಿಯ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಆಕೆ ಐದು ತಿಂಗಳ ಬಸುರಿ. ಆ ಕಾಯಿ ತಿಂದವಳು ಆಕೆ.

ಸದರಿ ಫಾರ್ಮ್ ನನ್ನ ಮನೆಯಿಂದ ಒಂದೂವರೆ ಕಿ.ಮೀ. ದೂರದಲ್ಲಿದೆ. ಅಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದೇನೆ. ಸಂಜೆ ನಾಲ್ಕರಿಂದ ಆರರೊಳಗೆ ಹೆಸರು ಕಾಳಿನ ಗಿಡದ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಳಗಿನ ಗಂಡು ಎಳೆಗಳನ್ನು ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ತಂದು ಮುಟ್ಟಿಸಬೇಕು, ತೊಟ್ಟಿಗೆ ಕೆಂಪು ದಾರ ಕಟ್ಟಬೇಕು. ಕಾಲೇಜು ಓದಿ ಬಂದವರ ಕೈಯಲ್ಲಿ ಹತ್ತು ಮೊಗ್ಗಿಗೆ ಆರು ಮುರಿಯುತ್ತವೆ, ನನ್ನ ಕೈಯಲ್ಲಿ ಒಂದು ಮುರಿದರೆ ಹೆಚ್ಚು. ಇದನ್ನು ಬರೆಯುವ ಅಗತ್ಯವಿಲ್ಲ ಎಂದು ಹೇಳಿಕೆ ಬರೆದುಕೊಳ್ಳುತ್ತಿರುವ ರೈಟರ್ ಸಾಹೇಬರು ಅಂದರು. ಬರೆಯಲೇಬೇಕೆಂದು ಕೇಳಿಕೊಂಡಿದ್ದೇನೆ, ಯಾಕೆಂದರೆ ಆ ಕಾಯಿ ಕಟ್ಟಿದ್ದು ಈ ಕೈಯಿಂದಲೇ.

ಫಾರ್ಮಿನ ವಿಜ್ಞಾನಿ ಡಾ. ಗೌಸೋದ್ದೀನ ಸರ್ ಮೂರು ವರ್ಷದಿಂದ ಹೆಸರಿಗೆ ಮಡಕಿ ಕಾಳಿನ ಗಿಡವನ್ನು ಕೂಡಿಸುವ ಪ್ರಯತ್ನದಲ್ಲಿದ್ದಾರೆ. ಮಳೆ ಕೈಕೊಟ್ಟರೂ ಮಡಕಿ ನೆಲ ಕಚ್ಚಿಕೊಂಡು ಬದುಕುತ್ತದೆ, ಹೆಸರು ಒಣಗಿಹೋಗುತ್ತದೆ. ಎರಡೂ ಕಾಳೇ ಆದರೂ ಜಾತಿ ಬೇರೆಯಾದ್ದರಿಂದ ಕೂಡಿಸಿದ ಕಾಯಿ ಆರನೆಯ ದಿನಕ್ಕೆ ಉದುರುತ್ತಿತ್ತು. ಗಿಡ ತನ್ನೊಳಗೆ ಕಾಯಿ ಹಿಡಿದಿಡುವ ರಸವನ್ನೂ ಉದುರಿಸುವ ರಸವನ್ನೂ ತಾನೇ ತಯಾರಿಸುತ್ತದೆ, ಅವುಗಳಿಗೆ ಹಾರ್ಮೋನ್ ಎನ್ನುತ್ತಾರೆ, ಕೆಲಸ ಮುಗಿದ ಮೇಲೆ ಗಿಡವೇ ಅವನ್ನು ಒಡೆದು ಕರಗಿಸುತ್ತದೆ, ಬೇರೆ ಜಾತಿಯ ಪರಾಗ ಬಿದ್ದ ಕಾಯಿಯಲ್ಲಿ ಹಿಡಿದಿಡುವ ರಸ ಬೇಗ ಕರಗಿ, ಉದುರಿಸುವ ರಸ ಕರಗದೆ ಉಳಿಯುತ್ತದೆ ಎಂದು ಸರ್ ಒಮ್ಮೆ ನಮ್ಮನ್ನೆಲ್ಲ ಕೂರಿಸಿ ಹೇಳಿದ್ದರು. ಮೂರು ವರ್ಷದಲ್ಲಿ ನಾನು ನಾಲ್ಕು ಸಾವಿರಕ್ಕೂ ಹೆಚ್ಚು ಹೂ ಕೂಡಿಸಿದ್ದೇನೆ. ಎಲ್ಲವೂ ದಾರದ ಸಮೇತ ನೆಲಕ್ಕೆ ಬಿದ್ದವು.

ಈ ಸಲ ಡಿಸೆಂಬರ್ 24 ಮತ್ತು 25ರಂದು ಕೂಡಿಸಿದೆವು. ಪ್ರತಿ ತೊಟ್ಟಿಗೆ ಹತ್ತಿ ಸುತ್ತಿ, ಹಿಡಿದಿಡುವ ರಸದ ಔಷಧಿಯನ್ನು ಬೆಳಿಗ್ಗೆ ಎರಡು ಹನಿ, ಸಂಜೆ ಎರಡು ಹನಿಯಂತೆ ಹತ್ತು ದಿನ ಹಾಕಿದೆವು. ಹನ್ನೆರಡು ಕಾಯಿ ನಿಂತವು. ಸರ್ ದಿನಾ ಬಂದು ಅವುಗಳನ್ನು ಎಣಿಸುತ್ತಿದ್ದರು.

ಇಲ್ಲಿ ಒಂದು ಮಾತು ಗುರುತು ಹಾಕಿ ಬರೆದುಕೊಳ್ಳಬೇಕು. ಹೋದ ವರ್ಷ ನಮ್ಮ ಜೊತೆ ಕೆಲಸದಲ್ಲಿದ್ದ ಜಿಜಾಬಾಯಿ ಬಸುರಿ ಎಂದು ಗೊತ್ತಾದ ದಿನವೇ ಸರ್ ಆಕೆಯನ್ನು ನೆಟ್ ಹೌಸಿನಿಂದ ಹೊರಗೆ ಕಳುಹಿಸಿದರು. ಹೆರಿಗೆಯಾಗುವ ತನಕ ಒಳಗೆ ಕಾಲಿಡಬಾರದೆಂದು ತಾಕೀತು ಮಾಡಿದರು. ಯಾಕೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ದಾರವಿಲ್ಲದ ಕಾಯಿ ಎಂದರೆ ತಾನಾಗಿಯೇ ಕಟ್ಟಿದ ಬರಿಯ ಹೆಸರು. ಅದನ್ನು ನಾವು ಹೆಣ್ಣಾಳುಗಳು ಮನೆಗೆ ಒಯ್ಯುವುದು ಮೊದಲಿನಿಂದ ನಡೆದುಬಂದ ರೂಢಿ, ಸರ್ ಎಂದೂ ಬೇಡವೆಂದಿಲ್ಲ. ದಾರವಿದ್ದ ಕಾಯಿಗೆ ಹನ್ನೊಂದು ವರ್ಷದಲ್ಲಿ ನನ್ನ ಬೆರಳು ಹೋಗಿಲ್ಲ.

ದಿನಾಂಕ 07-01-2016 ಗುರುವಾರ ಮತ್ತು 08-01-2016 ಶುಕ್ರವಾರ ನಾನು ರಜೆಯಲ್ಲಿದ್ದೆ. ಮಗಳನ್ನು ಔರಾದ ತಾಲ್ಲೂಕಿಗೆ ಕೊಟ್ಟಿದ್ದೇವೆ. ಅಲ್ಲಿ ಕುಡಿಯಲೂ ನೀರಿಲ್ಲದ್ದರಿಂದ ಆಕೆ ಮತ್ತು ಅಳಿಯ ವೈಜಿನಾಥ ಏಳು ತಿಂಗಳಿಂದ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕಿದ್ದರು. ನನ್ನ ಗಂಡ ಕಬ್ಬು ಕಡಿಯಲು ಲಾತೂರಿನ ಕಡೆ ಹೋಗಿದ್ದಾರೆ. ಗುರುವಾರ ಮಧ್ಯಾಹ್ನ 2-40ಕ್ಕೆ ಬೀದರ ಬಸ್ ನಿಲ್ದಾಣದಲ್ಲಿ ಮಗಳನ್ನು ಇಳಿಸಿಕೊಂಡೆ. ಮದುವೆಯಲ್ಲಿ ತೊಡಿಸಿದ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಐದು ತಿಂಗಳ ಬಸುರಿಯ ಕೈ ಹಾಗಿರಬಾರದು. ಭಾಲ್ಕಿಯ ಬಸ್ಸಿನಲ್ಲಿ ಕುಳಿತ ಮೇಲೆ ಆಕೆ ಕೇಳಿದ ಮಾತು ಇಷ್ಟು: "ಅವ್ವಾ, ಎಳ್ಳಾಮಾಸಿಗಿ ಭಜ್ಜಿ ಮಾಡ್ತೀಯೇನ? ಹಸಿ ಕಾಯಿ ಹಾಕಿ ಮಾಡು. ಅಲ್ಲಿ ದಿನಾ ಟಮಾಟಿ ಸಾರು ತಿಂದು ನಾಲಗಿ ಸತ್ತದ."

ಶುಕ್ರವಾರ ಆಕೆಯನ್ನು ಭಾಲ್ಕಿಗೆ ಕರೆದೊಯ್ದು ತೋರಿಸಿದೆ. ತಾಯಿಗೆ ರಕ್ತ ಕಡಿಮೆ ಇದೆ, ಕೂಸು ಚೆನ್ನಾಗಿದೆ ಎಂದು ಡಾಕ್ಟರು ಹೇಳಿದರು. ಸಂತೆಯಲ್ಲಿ ಹಸಿ ಕಾಯಿ ಎಲ್ಲಿಯೂ ಸಿಗಲಿಲ್ಲ. ಊರಿನ ಹೊಲಗಳಲ್ಲಿ ಹಸಿರು ಎನ್ನುವುದೇ ಇರಲಿಲ್ಲ. ಬೋರಿನ ನೀರು ಬೀಳುವ ಆ ನೆಟ್ ಹೌಸಿನಲ್ಲಿ ಮಾತ್ರ ಇತ್ತು.

ಅದೇ ದಿನ ಸಂಜೆ 6-10ಕ್ಕೆ ನಾನು ಫಾರ್ಮಿಗೆ ಹೋದೆ. ಕರೆಂಟ್ ಇರಲಿಲ್ಲ. ದಾರ ಇಲ್ಲದ ನಾಲ್ಕು ಕಾಯಿ ಹರಿದುಕೊಳ್ಳುತ್ತೇನೆಂದು ನರಸಿಂಗನಿಗೆ ಹೇಳಿದೆ. ಆತ, "ತಗೋರಿ ಬಾಯಿ, ಹಬ್ಬ ಅದ, ಯಾರ್ ಬ್ಯಾಡ ಅಂತಾರ" ಎಂದು ಬಾಗಿಲು ತೆರೆದ. ಕತ್ತಲಾಗುತ್ತಿದ್ದರಿಂದ ಪ್ರತಿ ತೊಟ್ಟನ್ನೂ ಬೆರಳಿನಿಂದ ಸವರಿ ನೋಡಿದೆ. ದಾರ ಒಂದೂ ಕೈಗೆ ಹತ್ತಲಿಲ್ಲ. ನಾನಿಲ್ಲದ ಎರಡು ದಿನದಲ್ಲಿ ಈ ಸಲದವೂ ಉದುರಿಹೋದವು ಎಂದುಕೊಂಡೆ. ಮೂರು ವರ್ಷ ಅದನ್ನೇ ನೋಡಿದ ನನಗೆ ಅನುಮಾನ ಬರಲಿಲ್ಲ. ಮೂವತ್ತರಷ್ಟು ಕಾಯಿ ಉಡಿಗೆ ಹಾಕಿಕೊಂಡು 6-35ಕ್ಕೆ ಹೊರಗೆ ಬಂದೆ.

ದಿನಾಂಕ 09-01-2016 ಶನಿವಾರ, ಎಳ್ಳಮಾವಾಸ್ಯೆಯ ದಿನ, ಮಧ್ಯಾಹ್ನ 12-30ಕ್ಕೆ ಮಗಳೊಂದಿಗೆ ಹೊಲಕ್ಕೆ ಹೋಗಿ, ಒಣಗಿದ ಜೋಳದ ಮೇಲೆಯೇ ಭೂಮಿತಾಯಿಯ ನೈವೇದ್ಯದ ಚರಗ ಚೆಲ್ಲಿ, ಊಟಕ್ಕೆ ಕುಳಿತೆವು. ನಾನು ಹಸಿ ಕಾಳು, ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿಯ ತಳಕ್ಕೆ ಸೌಟು ಹಾಕಿ ಕಾಯಿಗಳನ್ನೆಲ್ಲ ಹುಡುಕಿ ಹುಡುಕಿ ಮಗಳ ತಾಟಿಗೆ ಬಡಿಸಿದೆ. ಆಕೆ ಬೇಡ ಬೇಡ ಅನ್ನುತ್ತಲೇ ಎರಡು ಸಲ ಹಾಕಿಸಿಕೊಂಡಳು. ನನ್ನ ತಾಟಿಗೆ ಒಂದೂ ಹಾಕಿಕೊಳ್ಳಲಿಲ್ಲ. ಒಂದನ್ನಾದರೂ ತಿಂದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ದಿನಾಂಕ 11-01-2016 ಸೋಮವಾರ, ಹಬ್ಬದ ಮತ್ತು ಭಾನುವಾರದ ರಜೆ ಕಳೆದು, ಬೆಳಿಗ್ಗೆ 9-10ಕ್ಕೆ ಗೌಸೋದ್ದೀನ ಸರ್ ನೆಟ್ ಹೌಸಿಗೆ ಬಂದರು. ಆ ದಿನ ಕಾಯಿಗಳನ್ನು ಬೀದರಿನ ಲ್ಯಾಬಿಗೆ ಒಯ್ದು, ಒಳಗಿನ ಎಳೆಯ ಭ್ರೂಣ ತೆಗೆದು ಗಾಜಿನ ಸೀಸೆಯಲ್ಲಿ ಬೆಳೆಸುವುದಿತ್ತು. ಔಷಧಿಯಿಂದ ತೊಟ್ಟು ಊದಿಕೊಂಡು ದಾರ ಒಳಗೆ ಕಚ್ಚಿದ್ದರಿಂದ ಗುರುವಾರ ತಾವೇ ಹನ್ನೆರಡೂ ದಾರ ಕತ್ತರಿಸಿ ಕುಂಡಗಳಿಗೆ ಚೀಟಿ ಹಚ್ಚಿದ್ದಾಗಿ ಹೇಳಿ, ಕಾಯಿ ಎಲ್ಲಿ ಎಂದು ಎಲ್ಲರನ್ನೂ ಕೇಳಿದರು. ಆಮೇಲೆ ಕುಂಡಗಳ ನಡುವೆ ನೆಲದ ಮೇಲೆಯೇ ಕುಳಿತುಬಿಟ್ಟರು. ನಾನು ಹರಿದದ್ದು ಅವನ್ನೇ ಎಂದು ನನಗೆ ತಿಳಿಯಿತು. ಜಿಜಾಬಾಯಿಯನ್ನು ಹೊರಗೆ ಕಳುಹಿಸಿದ್ದು ಆಗಲೇ ನೆನಪಾಯಿತು. ನಾನು ಬಾಯಿ ಬಿಡಲಿಲ್ಲ. ಮಧ್ಯಾಹ್ನ ಸರ್ ಠಾಣೆಗೆ ದೂರು ಕೊಟ್ಟರು.

ದಿನಾಂಕ 12-01-2016ರಂದು ಬೆಳಿಗ್ಗೆ 11ರಿಂದ ಸಂಜೆ 5ರ ತನಕ ನರಸಿಂಗನನ್ನು ಠಾಣೆಯಲ್ಲಿ ಕೂರಿಸಿದರು. ಆತ ನನ್ನ ಹೆಸರು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಆತನನ್ನೇ ಕೇಳಬೇಕು.

ಅದೇ ದಿನ ಸಂಜೆ 4-30ಕ್ಕೆ ಮಗಳು ಒಲೆಯ ಮುಂದಿನಿಂದ ಎದ್ದು, "ಅವ್ವಾ, ಹೊಟ್ಟ್ಯಾಗ ಹಿಂಡಿದಂಗ ಆಗ್ಲತದ" ಎಂದಳು. ಸೀರೆಯ ಮೇಲೆ ಕಲೆ ಕಂಡಿತು. ಆಟೋದಲ್ಲಿ ಸುಮಾರು ಇಪ್ಪತ್ತು ಕಿ.ಮೀ. ಹೋಗಿ 5-50ಕ್ಕೆ ಆಸ್ಪತ್ರೆ ಸೇರಿಸಿದೆ. ದಾರಿಯುದ್ದಕ್ಕೂ ಆಕೆ ನನ್ನ ಕೈ ಹಿಡಿದುಕೊಂಡೇ ಇದ್ದಳು. ಏನು ತಿಂದಳು ಎಂದು ಡಾಕ್ಟರಮ್ಮ ಕೇಳಿದಾಗ ಹಬ್ಬದ ಊಟ ಎಂದೆ. ಕಳ್ಳತನದ ಹೆದರಿಕೆಯಿಂದ ಹಾಗೆ ಹೇಳಿದೆ. ಆ ಒಂದು ಸುಳ್ಳಿಗೆ ನನ್ನ ಬಗ್ಗೆ ನನಗೇ ಅಸಹ್ಯವಾಗಿದೆ.

ಇಂದು ಬೆಳಿಗ್ಗೆ 8ಕ್ಕೆ ಕೂಸಿನ ಎದೆ ಬಡಿತ ಇದೆ, ಆದರೆ ಇನ್ನೂ ಏನನ್ನೂ ಹೇಳಲಾಗದು ಎಂದು ಡಾಕ್ಟರಮ್ಮ ತಿಳಿಸಿದರು. ಆಗ ಎಲ್ಲವನ್ನೂ ಹೇಳಿಬಿಟ್ಟೆ. ಔಷಧಿಯ ಹೆಸರು ಬೇಕು ಎಂದರು. ನನಗೆ ಹನಿಯ ಲೆಕ್ಕ ಗೊತ್ತು, ಹೆಸರು ಗೊತ್ತಿಲ್ಲ. ಸರ್ ಅವರಿಗೆ ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಪಂಚನಾಮೆಗೆಂದು ಅವರು ಇಲ್ಲಿಗೆ ಬರುವರೆಂದು ತಿಳಿದು 10-15ರ ಬಸ್ ಹತ್ತಿದೆ.

ಠಾಣೆಯ ಬಾಗಿಲಲ್ಲಿಯೇ ಸರ್ ಸಿಕ್ಕರು. ಅಲ್ಲಿಯೇ ಹೇಳಿದೆ. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ಬೈಯಲಿಲ್ಲ. ಔಷಧಿಯ ಹೆಸರು ಚೀಟಿಯಲ್ಲಿ ಬರೆದು, ತಾವೇ ಆಸ್ಪತ್ರೆಗೆ ಫೋನ್ ಮಾಡಿ ಡಾಕ್ಟರಮ್ಮನೊಂದಿಗೆ ಹನ್ನೊಂದು ನಿಮಿಷ ಮಾತಾಡಿದರು. ನಂತರ ನನಗೆ ತಿಳಿಸಿದ್ದೇನೆಂದರೆ, ಕಾಯಿಗೆ ಹಾಕಿದ್ದು ದ್ರಾಕ್ಷಿ ತೋಟದವರು ಗೊಂಚಲಿಗೆ ಹೊಡೆಯುವ ಔಷಧಿಯೇ, ಎರಡೆರಡು ಹನಿಯಿಂದ ಏನೂ ಆಗದು. ಜಿಜಾಬಾಯಿಯನ್ನು ಹೊರಗಿಟ್ಟಿದ್ದು ಎಳೆ ಸಸಿಗಳಿಗೆ ಹಾಕುವ ಬೇರೊಂದು ವಿಷದ ಸಲುವಾಗಿ, ಅದು ಬೀಗದ ಕಪಾಟಿನಲ್ಲಿದೆ, ಈ ಕಾಯಿಗಳಿಗೆ ಮುಟ್ಟಿಲ್ಲ. ಮೂರು ಸಲ ಕೇಳಿದೆ, ಮೂರು ಸಲವೂ ಅದನ್ನೇ ಹೇಳಿದರು. ಹಾಗಾದರೆ ಏನೂ ಆಗುವುದಿಲ್ಲ ಎಂದು ಬರೆದುಕೊಡಿ ಎಂದೆ. ಅದಕ್ಕೆ ಸರ್ ಅಂದ ಮಾತನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆಸುತ್ತಿದ್ದೇನೆ: "ಔಷಧದ್ದು ಬರ್ದು ಕೊಡ್ತೇನಿ ಬಾಯಿ. ಕಾಯಿದ್ದು ಹ್ಯಾಂಗ ಬರ್ದು ಕೊಡ್ಲಿ? ಹೆಸರು ತಿಂದವರು ಇದ್ದಾರ, ಮಡಕಿ ತಿಂದವರು ಇದ್ದಾರ. ಎರಡೂ ಕೂಡಿದ್ದು ನಿಮ್ಮ ಮಗಳಿಗಿಂತ ಮೊದಲ ಯಾರೂ ತಿಂದಿಲ್ರಿ. ಏನೂ ಆಗಂಗಿಲ್ಲ ಅಂತ ನನಗ ಅನಸ್ತದ. ಗೊತ್ತದ ಅಂತ ಹ್ಯಾಂಗ ಹೇಳ್ಲಿ?"

ದೂರು ವಾಪಸ್ ಪಡೆಯುತ್ತೇನೆಂದು ಸರ್ ಪಿ.ಎಸ್.ಐ. ಸಾಹೇಬರಿಗೆ ತಿಳಿಸಿದ್ದಾರೆ. ಸಾಹೇಬರು ನನಗೆ ಮನೆಗೆ ಹೋಗಲು ಹೇಳಿದರು. ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ನರಸಿಂಗನ ಹೆಸರು ತೆಗೆದು ನನ್ನ ಹೆಸರು ಹಾಕಿ, ಕೇಸು ಹಾಗೆಯೇ ಇಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮಗಳಿಗೆ ಮೇ ತಿಂಗಳಲ್ಲಿ ದಿನ ತುಂಬುತ್ತದೆ. ಅಲ್ಲಿಯ ತನಕ ಆ ಕಾಯಿ, ಆ ಔಷಧಿಯ ಹೆಸರು, ನನ್ನ ಮಗಳ ಹೆಸರು ಒಂದೇ ಕಾಗದದಲ್ಲಿ ಇರಬೇಕು. ನಾಳೆ ಯಾವ ಡಾಕ್ಟರು ಕೇಳಿದರೂ ತೆಗೆದು ತೋರಿಸಲು ಬರಬೇಕು. ದೂರೇ ಇಲ್ಲದಿದ್ದರೆ ಈ ಕಾಗದ ಯಾರು ಇಡುತ್ತಾರೆ? ಕರೆದಾಗಲೆಲ್ಲ ಬರುತ್ತೇನೆ. ಕಳ್ಳಿ ಎಂದೇ ಬರೆದುಕೊಳ್ಳಿ. ಕೂಸು ಹುಟ್ಟಿ ಅತ್ತ ಮೇಲೆ ಮುಚ್ಚಿರಿ.

ರೈಟರ್ ಸಾಹೇಬರು ಇದನ್ನು ಮೊದಲಿನಿಂದ ಕೊನೆಯ ತನಕ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ಎಲ್ಲವೂ ನಿಜ, ಮೇಲೆ ಒಪ್ಪಿಕೊಂಡ ಆ ಒಂದು ಸುಳ್ಳೂ ಸೇರಿ.

ಸ್ಥಳ: ಖಟಕ ಚಿಂಚೋಳಿ
ದಿನಾಂಕ: 13-01-2016, ಮಧ್ಯಾಹ್ನ 1-45

(ಸಹಿ) ಲಲಿತಾಬಾಯಿ ಗಂಡ ಹಾವಗೆಪ್ಪ