ಜುರಾವ್ಕಿಯಿಂದ ಹೊರಡುವ ಬಸ್ಸು

...ಅಯ್ಯೋ, ಕೂತ್ಕೊಳ್ಳಿ ವಿಟೋಲ್ಡ್ ಅವರೇ! ವಾರ್ಸಾ ಬಸ್ಸು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದೆ? ಎರಡು ವರ್ಷ ನಮ್ಮ ಜುರಾವ್ಕಿಯನ್ನ ಅಳೆದೂ ಅಳೆದೂ ನಕ್ಷೆ ಬರೆದ್ರಿ, ಕೆಲಸ ಮುಗೀತು ಅಂತ ಹೊರಟೂಬಿಟ್ರಿ. ಊರು ಮಾತ್ರ ನಿಮಗೆ ಗೊತ್ತಾಗ್ಲೇ ಇಲ್ಲ. ಈ ಸಬೀನಾ ಹೇಳ್ತಾಳೆ, ಕೇಳಿ!

ಈ ಚೌಕ ಇದೆಯಲ್ಲ... ಚರ್ಚ್ ಕಡೆ ಎತ್ತರ, ಹೆಂಡದಂಗಡಿ ಕಡೆ ತಗ್ಗು. ಚರ್ಚ್ ಬಾಗಿಲಲ್ಲಿ ಆಲೂಗಡ್ಡೆ ಬಿದ್ರೆ ಸೀದಾ ಹೆಂಡದಂಗಡಿಗೇ ಉರುಳತ್ತೆ. ಭಾನುವಾರ ನಮ್ಮ ಗಂಡಸರೂ ಅಷ್ಟೇ. ಪಾಪ, ತಪ್ಪು ಅವರದ್ದಲ್ಲ, ಭೂಗೋಳದ್ದು! ಯಾಕ್ರೀ ನಗ್ತೀರಿ?

ಲಿಪ್ನಾ ಹೊಳೆಗೆ ನೀವು ಎಳೆದದ್ದು ಕೂದಲೆಳೆಯಷ್ಟು ಗೆರೆ. ಹಿಮ ಕರಗಿ ಹೊಳೆ ಉಕ್ಕಿದಾಗ ಏನಾಯ್ತು? ಪುರಸಭೆ ಮೆಟ್ಟಿಲ ಮೇಲೆ ಬಾತುಕೋಳಿ! ಮೇಯರ್ ಪ್ಯಾಂಟು ಮಡಚಿಕೊಂಡು ಅವುಗಳ ಹಿಂದೆ...

ಚರಿತ್ರೆಯಾ? ಅದಕ್ಕೇನು ಬರ! ಸ್ವೀಡನ್ನಿನವರು ಬಂದ್ರು, ಸುಟ್ರು, ಹೋದ್ರು. ಆಮೇಲೆ ರಷ್ಯದವರು. ಆಮೇಲೆ ಜರ್ಮನ್ನರು. ಕೊನೆಗೆ ನಮ್ಮವರೇ. ಸ್ವೀಡನ್ನಿನವರದ್ದು ಹಳೇ ಕಾಲ, ಆಮೇಲಿನ ಮೂವರನ್ನೂ ಕಂಡ ನಮ್ಮ ಮುತ್ತಜ್ಜಿ ಒಲೆ ಬಿಟ್ಟು ಕದಲಲಿಲ್ಲ, ಉಪ್ಪು ಕೊಡಮ್ಮಾ ಅನ್ನೋದನ್ನ ಮಾತ್ರ ಮೂರು ಭಾಷೇಲಿ ಕೇಳಿಸ್ಕೊಂಡ್ಲು.

ಬಂದೋರೆಲ್ಲ ಹೋದ್ರು... ಒಬ್ಬ ಸ್ವೀಡನ್ ಸಿಪಾಯಿ ಹೋಗ್ಲಿಲ್ಲ. ಬೀಟ್‌ರೂಟ್ ಸಾರು ಬಡಿಸಿದ ವಿಧವೆ ಹತ್ರ ಉಳ್ಕೊಂಡ. ...ನಾನ್ಯಾಕೆ ಕೆಂಪಾಗ್ಲಿ? ಚಳಿ ರೀ, ಚಳಿ! ಊರಲ್ಲಿ ವಿಧವೆ ಅಂದ್ರೆ ನಾನೊಬ್ಬಳೇನಾ?

ಅಗೋ... ಬಸ್ಸು. ಪೆಟ್ಟಿಗೆ ಎತ್ಕೊಳ್ಳಿ. ಅಲ್ಲ, ಒಂದ್ನಿಮಿಷ, ಗುಡ್ಡದ್ದು ಹೇಳೇ ಇಲ್ಲ! ನಿಮ್ಮ ನಕ್ಷೇಲಿ ದಿಬ್ಬ ಅಂತ ಬರೆದಿದೀರಂತೆ, ನಾವು ಅದಕ್ಕೆ ಬೆಟ್ಟ ಅಂತೀವಿ, ಅಷ್ಟು ಮರ್ಯಾದೆ ಬೇಡ್ವಾ ಅದಕ್ಕೆ... ಡ್ರೈವರ್ ಹಾರ್ನ್ ಹೊಡೀತಿದಾನೆ. ಏಳಿ. ಏಳ್ರೀ ಅಂದ್ರೆ!

...ಹೋಗೇಬಿಡ್ತಲ್ಲ.

ಯಾಕೆ ಏಳ್ಲಿಲ್ಲ ನೀವು? ಬೈಯಿರಿ ಬೇಕಾದ್ರೆ! ಈ ಹೆಂಗಸು ಬಾಯಿ ಮುಚ್ಚದೆ ಬಸ್ ತಪ್ಪಿಸಿದ್ಲು ಅನ್ನಿ... ಹಾಗೆ ನೋಡ್ಬೇಡಿ. ಏನಾದ್ರೂ ಅನ್ನಿ...

ಓ. ಗೊತ್ತಾಗಿದೆ ನಿಮಗೆ.

ಊರಿಗೇನು ವಿಟೋಲ್ಡ್, ಯಾರು ಹೋದ್ರೂ ಅದು ಇರತ್ತೆ. ಹೋಗ್ಬೇಡಿ ಅನ್ನೋಕೆ ನನಗೇ ಬಾಯಿ ಬರ್ಲಿಲ್ಲ... ಅದಕ್ಕೇ ಇಡೀ ಊರನ್ನ ತಂದು ನಿಮಗೆ ಅಡ್ಡ ಹಾಕಿದೆ.