ತಾಯತದೊಳಗಿನ ತಾರೀಖು

ನಾನು ಗುರುಲಿಂಗ ತಂದೆ ಅಂಬಣ್ಣ, ವಯಸ್ಸು 61, ಉದ್ಯೋಗ ಕಾಳಿನ ವ್ಯಾಪಾರ, ವಾಸ ಮುರುಮ, ತಾಲೂಕು ಉಮರ್ಗಾ. ನಮ್ಮ ತಂದೆಯ ಸಮಾಧಿ ತೆಗೆದ ಬಗ್ಗೆ ಅಕ್ಕ ಶಿವಕಾಂತಾ ಕೊಟ್ಟ ದೂರಿನ ವಿಷಯದಲ್ಲಿ ಠಾಣೆಗೆ ಹಾಜರಾಗಿ ತಿಳಿಸುವುದೇನೆಂದರೆ,

ತಂದೆ ಇಂಗ್ಲಿಷರ ಪಲ್ಟನ್ನಿನಲ್ಲಿದ್ದು, ಎರಡನೇ ಮಹಾಯುದ್ಧದಲ್ಲಿ ಸೆರೆ ಸಿಕ್ಕು ಎರಡು ವರ್ಷ ಜರ್ಮನಿಯಲ್ಲಿ ಕೈದಿಯಾಗಿದ್ದರು. ತಿರುಗಿ ಬಂದಾಗಿನಿಂದ ಅವರ ಕೊರಳಲ್ಲಿ ಲಿಂಗದ ಜೊತೆಗೆ ಒಂದು ತಾಮ್ರದ ತಾಯತವಿತ್ತು. ಕೇಳಿದರೆ, ಇದ್ರಾಗ ಒಬ್ಬ ಮನಷ್ಯಾ ಹಾನ, ಬಿಚ್ಚಬ್ಯಾಡ್ರಿ ಎನ್ನುತ್ತಿದ್ದರು. ಅಪ್ಪಗ ಜರ್ಮನಿ ದೆವ್ವ ಹಿಡದದ, ಅದಕ್ಕೇ ಕಟ್ಟಿ ಇಟ್ಟಾನ ಎಂದು ಅಕ್ಕ ನಗುತ್ತಿದ್ದಳು. ನಾನು ಅದನ್ನೇ ನಂಬಿದ್ದೆ.

1991ರಲ್ಲಿ ತಂದೆ ತೀರಿಕೊಂಡರು. ಊರಿನಿಂದ ಒಂದೂವರೆ ಕಿಲೋಮೀಟರ್ ದೂರದ ನಮ್ಮ ಹೊಲದಲ್ಲಿ ಕೂಡ್ರಿಸಿ ಮಣ್ಣು ಮಾಡುವಾಗ, ಲಿಂಗ ಇದ್ರ ಸಾಕ್ರಿ ಎಂದು ಅಯ್ಯನವರು ತಾಯತ ಬಿಚ್ಚಿ ನನ್ನ ಕೈಗೆ ಕೊಟ್ಟರು. ದೆವ್ವ ಮನೆಗೆ ಬರಬಾರದೆಂದು ನಾನೇ ಅದನ್ನು ಮತ್ತೆ ಕೊರಳಿಗೆ ಕಟ್ಟಿದೆ.

ದಿ. 3-2-2024ರಂದು ಬೆಳಿಗ್ಗೆ 10.30ಕ್ಕೆ ಮಗಳು ವೈಷ್ಣವಿಯ ಫೋನಿಗೆ, ಪಲ್ಟನ್ನಿನ ದಾಖಲೆಯಲ್ಲಿದ್ದ ತಂದೆಯ ಹೆಸರು, ಊರು ಹಿಡಿದು ನಮ್ಮನ್ನು ಹುಡುಕಿದ ಇಸ್ರೇಲಿನ ಮಿರಿಯಮ್ ಎಂಬ 78 ವರ್ಷದ ಹೆಣ್ಣುಮಗಳ ಪತ್ರ ಬಂತು. ಅವರ ಸೋದರಮಾವ ಯಾಕೊಬ್ ಯಹೂದಿ. ಜರ್ಮನರು ಅವನನ್ನು ಹಿಡಿದೊಯ್ದು, ನಮ್ಮ ತಂದೆಯಿದ್ದ ಕಡೆಯೇ ರೈಲು ಹಳಿಯ ಕೆಲಸಕ್ಕೆ ಹಚ್ಚಿದ್ದರು. ಬಿಡುಗಡೆಯಾದಾಗ ನಮ್ಮ ತಂದೆ ಇಂಗ್ಲಿಷ್ ಅಧಿಕಾರಿಗಳ ಮುಂದೆ ಬರೆಸಿದ ಹೇಳಿಕೆಯ ಪ್ರತಿ ಪತ್ರದ ಜೊತೆಗಿತ್ತು. ಹಳಿ ಹೊರುವಾಗ ಯಾಕೊಬ್ ನನ್ನ ಮುಂದೆ ಬಿದ್ದ, ಏಳಲಿಲ್ಲವೆಂದು ಕಾವಲಿನವ ಗುಂಡು ಹೊಡೆದ, ಹೆಸರು ತಾರೀಖು ಬರೆದು ಕೊರಳಿಗೆ ಕಟ್ಟಿಕೊಂಡಿದ್ದೇನೆ ಎಂದಿತ್ತು. ಬರೆದುಕೊಂಡವರು ತಾರೀಖಿನ ಜಾಗ ಖಾಲಿ ಬಿಟ್ಟಿದ್ದರು. ತಮ್ಮಲ್ಲಿ ಸತ್ತ ದಿನ ದೀಪ ಹಚ್ಚುವ ಪದ್ಧತಿ ಇದೆ, ಆ ದಿನ ಯಾವುದು ಎಂದು ಮಿರಿಯಮ್ ಕೇಳಿದ್ದರು.

ಸಮಾಧಿಯಿಂದ ತಾಯತ ತೆಗೆದು ತಾರೀಖು ನೋಡಬೇಕೆಂದು ಅಕ್ಕನಿಗೆ ಹೇಳಿದಾಗ, ನಿನ್ನ ತೆಲಿ ಠಿಕಾಣ್ಯಾಗ ಅದನೋ ಇಲ್ಲೋ, ಸುಮ್ಮ ಕುಂತಂವಗ ಎಬ್ಬಸ್ಲಾಕ ಹೊಂಟಿ ಎಂದು ಬೈದಳು. ದಿ. 11ರಂದು ಬೆಳಿಗ್ಗೆ 7.10ಕ್ಕೆ, ಯಾರ ಪರವಾನಗಿಯೂ ಇಲ್ಲದೆ, ಸಮಾಧಿ ಅಗೆದೆ. ನಾಲ್ಕೂವರೆ ಅಡಿಯಲ್ಲಿ ತಾಯತ ಸಿಕ್ಕಿತು. ಚೀಟಿ ಕೊಳೆತು ಹೋಗಿ ಒಳಗೆ ಮಣ್ಣು ಮಾತ್ರ ಇತ್ತು. ಬೆರಳಿನಿಂದ ಎರಡು ಸಲ ಕೆದಕಿ ನೋಡಿದೆ. 8.25ಕ್ಕೆ ಮುಚ್ಚಿದೆ.

ಸಂಜೆ 5ಕ್ಕೆ ಮಗಳ ಮೂಲಕ ಮಿರಿಯಮ್ ಅವರಿಗೆ ಫೋನಿನಲ್ಲಿ ಎಲ್ಲವನ್ನೂ ತಿಳಿಸಿದೆ.  ಅವರು, ನಿಮ್ಮ ತಂದೆಯನ್ನು ಮಣ್ಣು ಮಾಡಿದ ದಿನ ಹೇಳಿ, ಮಾವನಿಗೂ ಅವತ್ತೇ ಮಣ್ಣು ಸಿಕ್ಕಿತೆಂದು ತಿಳಿದು ಅದೇ ದಿನ ದೀಪ ಹಚ್ಚುತ್ತೇನೆ ಎಂದರು. ನನಗೆ ನೆನಪಿರಲಿಲ್ಲ. ಅಕ್ಕನಿಗೆ ಫೋನ್ ಹಚ್ಚಿ ಕೇಳಿದೆ. 1991ರ ಡಿಸೆಂಬರ್ 9, ಸೋಮವಾರ, ನಿನಗ ಅದೂ ನೆಪ್ಪಿಲ್ಲೇನು ಎಂದು ಫೋನ್ ಇಟ್ಟಳು. ಮರುದಿನ ದೂರು ಕೊಟ್ಟಳು.

ಸಮಾಧಿ ತೆಗೆದದ್ದು ನಿಜ, ಒಪ್ಪುತ್ತೇನೆ. 1991ರಲ್ಲಿ ತಾಯತ ತೆರೆದು ನೋಡದೆ ಮತ್ತೆ ಕಟ್ಟಿದ್ದು ದೂರಿನಲ್ಲಿಲ್ಲ. ಅದನ್ನೂ ನನ್ನ ಹೆಸರಿಗೆ ಬರೆದುಕೊಳ್ಳಬೇಕು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ.

ಮುರುಮ
ದಿ. 14-2-2024
(ಸಹಿ) ಗುರುಲಿಂಗ ಅಂಬಣ್ಣ