ಏಕಾದಶಿ ಮಾಡುವ ಗಿಡ

ಮದ್ದೂರು ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಕಸ್ತೂರಿರಂಗ ಮೇಷ್ಟ್ರ ತೊಡೆಯ ಮೇಲೊಂದು ಗಾಜಿನ ಜಾಡಿ. ಒಳಗೆ ಮರಳು, ಪಾಚಿ, ನಡುವೆ ರೂಪಾಯಿಯಗಲದ ಕೆಂಪು ಗಿಡ. ಜಾಡಿಯ ಬಾಯಿಗೆ ತೆಳುಬಟ್ಟೆ ಕಟ್ಟಿತ್ತು. ಲಾಟೀನು ರಿಪೇರಿಯ ಹಮೀದ್ ಸಾಹೇಬರು ಬಗ್ಗಿ ನೋಡಿದರು.

"ನಾನ್ ಕೊಟ್ಟ ಜಾಡಿ! ಗೊಬ್ಬರ ಆಕಿದ್ರಾ ಮೇಷ್ಟ್ರೇ?"

"ಗೊಬ್ಬರ ಹಾಕಿದ್ರೆ ಸಾಯುತ್ತೆ ಸಾಬ್ರೇ. ಬರೀ ಮಳೆನೀರು. ಊಟಕ್ಕೆ ನೊಣ, ಸೊಳ್ಳೆ. ಎಲೆ ಮೇಲಿನ ಅಂಟಿಗೆ ಸಿಕ್ಕಿಕೊಂಡ್ರೆ ಮುಗೀತು."

"ಅಂಗಾದ್ರೆ ಮಾಂಸ ತಿನ್ನೋ ಗಿಡ! ಅಮ್ಮಾವ್ರು ಒಳಕ್ಕೆ ಬುಟ್ರಾ?"

"ಆಂಡಾಳು ಮೊದಲು ಬಾಗಿಲಲ್ಲೇ ತಡೆದ್ಲು. ಆಮೇಲೆ ಒಂದೇ ಷರತ್ತು ಹಾಕಿದ್ಲು. ಏಕಾದಶಿ ದಿನ ಅದೂ ಉಪವಾಸ ಇರಬೇಕಂತೆ."

"ಅದಕ್ಕೇ ಈ ಬಟ್ಟೆಯಾ?"

"ಹೂಂ. ಇವತ್ತು ಏಕಾದಶಿ."

"ಈಗ ಎಲ್ಲಿಗೆ ಒಂಟ್ರಿ?"

"ಮಂಡ್ಯಕ್ಕೆ, ಅವಳ ತವರಿಗೆ. ಅಲ್ಲಿಂದ ಕಾಗದ ಬರೆದಿದಾಳೆ. ನಾಳೆ ಬೆಳಗ್ಗೆ ಉಪವಾಸ ಬಿಡಿಸೋಕೆ ತಾನೇ ನೊಣ ಹಿಡಿದು ಹಾಕ್ತಾಳಂತೆ. ನನ್ನ ಮೇಲೆ ನಂಬಿಕೆ ಇಲ್ಲ."

"ನಿಮಗೇನು ಕೊಡ್ತಾರೆ?"

"ಅದರದು ಆದಮೇಲೆ ನನಗೆ ಕಾಫಿ."

ರೈಲು ಬಂತು. ಮೇಷ್ಟ್ರು ಹತ್ತುವ ತನಕ ಹಮೀದ್ ಸಾಹೇಬರು ಜಾಡಿ ಹಿಡಿದು ನಿಂತರು. ಬಟ್ಟೆಯ ಮೇಲೊಂದು ನೊಣ ಬಂದು ಕೂತಿತು. ಸಾಹೇಬರು ಅದನ್ನು ಮೆಲ್ಲಗೆ ಊದಿ ಹಾರಿಸಿದರು.

"ಇವತ್ತು ಬ್ಯಾಡ ಕಣಪ್ಪ, ನಾಳೆ ಬಾ."